ಉದರವ್ಯಾಧಿಯ ಅನಂತರ ಕೆಲಸಕ್ಕೆ ಮರಳುವ ಕಾಲ: ಒಂದು ಚಾರಿತ್ರಿಕ ವಿವೇಚನೆ

ಚಿಂತಾಮಣಿಗೆ ಸಮೀಪದಲ್ಲಿರುವ ಅಂಬಾಜಿದುರ್ಗವು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಭದ್ರಪಡಿಸಲ್ಪಟ್ಟಿದ್ದ ಈ ಗಿರಿದುರ್ಗವು ಮೂರನೆಯ ಮೈಸೂರು ಯುದ್ಧದಲ್ಲಿ, ೧೭೯೧ರಲ್ಲಿ, ನೆರೆಯ ರೆಹಮಾನ್‌ಗಢದಂತೆಯೇ ಇಂಗ್ಲಿಷರ ವಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಂದಿದುರ್ಗವೂ ಬಿದ್ದಿತು. ಈ ಕೋಟೆಯನ್ನು ತೋರಿಸುವುದಕ್ಕಾಗಿ ಕೆಲವು ವರ್ಷಗಳ ಹಿಂದೆ ನಾನು ವಿದ್ಯಾರ್ಥಿಗಳ ಒಂದು ತಂಡವನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನು. ಆದರೆ ಪ್ರಸ್ತುತ ಲೇಖನಕ್ಕೆ ಪ್ರೇರಣೆಯಾದುದು ಕೋಟೆಯಲ್ಲ, ಅಲ್ಲಿ ನಾವು ಮಾಡಿದ ಊಟ.

ಪ್ರವಾಸಕ್ಕೆ ಮುಂಚಿನ ಎರಡು ದಿನ ನಾನು ವಾಂತಿಭೇದಿಯಿಂದ ಮಲಗಿದ್ದೆನು. ಹಿಂದಿನ ದಿನ ಸಂಜೆಯ ವೇಳೆಗೆ ಅದು ನಿಂತಿತು; ರಾತ್ರಿ ಗಂಜಿ ಕುಡಿದು ನಿದ್ರಿಸಿದೆನು; ಬೆಳಗ್ಗೆ ಎದ್ದಾಗ ಮೈ ಹಗುರವಾಗಿತ್ತು. ಬಸ್ಸು ಗೊತ್ತುಮಾಡಿಯಾಗಿತ್ತು, ವಿದ್ಯಾರ್ಥಿಗಳು ಹಣ ಕೊಟ್ಟಿದ್ದರು. ಹೋಗಬಹುದೆಂದು ನಿಶ್ಚಯಿಸಿ ಹೊರಟೆನು. ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಕುಳಿತವರಿಗೆ ಮೊಸರನ್ನವನ್ನು ನಾನೇ ಕೈಯಾರ ಬಡಿಸಿದೆನು. ಕೈ ತೊಳೆದುದು ಬರಿಯ ನೀರಿನಿಂದ, ಸಾಬೂನು ಇರಲಿಲ್ಲ. ಎರಡು ದಿನಗಳೊಳಗಾಗಿ ಆ ತಂಡದ ಆರು ಮಂದಿ ಅವೇ ಲಕ್ಷಣಗಳಿಂದ ಮಲಗಿದರು.

ಒಂದರ ಅನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವೆನ್ನಲಾಗದೆಂದು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಆದರೂ ದೊರೆತ ಸಾಕ್ಷ್ಯವನ್ನು ತೂಗಿ ನೋಡಿದಾಗ ತಪ್ಪು ನನ್ನದೇ ಆಗಿರಬೇಕೆಂದು ತೋರಿತು. ಆರು ಮಂದಿಯೂ ಗುಣಹೊಂದಿದರು. ಅವರಲ್ಲೊಬ್ಬನು ಬೆಳಗಿನ ಹೊತ್ತು ಹೋಟೆಲೊಂದರಲ್ಲಿ ದುಡಿದು ಓದುತ್ತಿದ್ದವನು. ಭೇದಿ ನಿಂತ ಮರುದಿನವೇ ಅವನು ಕೆಲಸಕ್ಕೆ ಹೋದನೆಂದು ಕೇಳಿ, "ಇನ್ನೆರಡು ದಿನ ಸುಧಾರಿಸಿಕೊಳ್ಳಬಾರದಾಗಿತ್ತೇನಪ್ಪ?" ಎಂದೆನು. "ಹೋಗದಿದ್ದರೆ ಆವತ್ತಿನ ಕೂಲಿ ಇಲ್ಲ ಸಾರ್. ಎರಡು ದಿನ ಬಿಟ್ಟರೆ ಆ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ" ಎಂದನು. ನನಗೆ ಮಾತು ತೋಚಲಿಲ್ಲ. ಸಂಬಳಸಹಿತ ರಜೆಯುಳ್ಳ ನಾನೇ ಕಾಯದೆ ಹೊರಟಿದ್ದೆನಲ್ಲವೆ?

ಉದರವ್ಯಾಧಿಯಿಂದ ಎದ್ದವನು ಕೆಲಸಕ್ಕೆ ಯಾವಾಗ ಮರಳಬೇಕೆಂಬುದು ಮೇಲುನೋಟಕ್ಕೆ ಒಂದೇ ಪ್ರಶ್ನೆಯಾಗಿ ಕಾಣುತ್ತದೆ. ವಾಸ್ತವವಾಗಿ ಅದರಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ನನ್ನ ದೇಹಕ್ಕೆ ಬಲ ಬಂದಿದೆಯೆ? ನನ್ನಿಂದ ಇತರರಿಗೆ ಅಪಾಯವಿಲ್ಲವೆ? ಕಾಯುವ ದಿನಗಳ ಕೂಲಿಯನ್ನು ಯಾರು ಕೊಡತಕ್ಕದ್ದು? ಈ ಮೂರು ಪ್ರಶ್ನೆಗಳೂ ಮಾನವನಿಗೆ ಏಕಕಾಲದಲ್ಲಿ ತೋರಿದವುಗಳಲ್ಲ. ಅವು ಒಂದಾದಮೇಲೊಂದು ಮುಂದೆ ಬಂದ ಬಗೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧. ದೇಹಬಲದ ಪ್ರಶ್ನೆ

ಮೊದಲನೆಯ ಪ್ರಶ್ನೆಯನ್ನು ನಮ್ಮ ಪ್ರಾಚೀನ ವೈದ್ಯವು ಬಹು ಎಚ್ಚರಿಕೆಯಿಂದ ವಿಚಾರಿಸಿದೆ. ಆಯುರ್ವೇದದಲ್ಲಿ ವಮನ ವಿರೇಚನಗಳಿಂದ ದೇಹಶೋಧನೆಯಾದ ಬಳಿಕ ಅನುಸರಿಸಬೇಕಾದ ಆಹಾರಪದ್ಧತಿಗೆ ಸಂಸರ್ಜನಕ್ರಮವೆಂದು ಹೆಸರು. ಮೊದಲು ಪೇಯಾ, ಎಂದರೆ ತೆಳುಗಂಜಿ. ಬಳಿಕ ವಿಲೇಪೀ, ಎಂದರೆ ಮಂದವಾದ ಗಂಜಿ. ಆಮೇಲೆ ಯೂಷ, ಎಂದರೆ ಬೇಳೆಯ ಕಟ್ಟು. ಕೊನೆಗೆ ವಾಡಿಕೆಯ ಊಟ. ಶೋಧನೆಯ ತೀವ್ರತೆಗೆ ಅನುಗುಣವಾಗಿ ಈ ಕ್ರಮವು ೩, ೫ ಅಥವಾ ೭ ದಿನ ನಡೆಯತಕ್ಕದ್ದು. ಇದು ಚಿಕಿತ್ಸೆಗೆ ಸಂಬಂಧಿಸಿದ ವಿಧಿಯೇ ಹೊರತು ವ್ಯಾಧಿಗೆ ಹೇಳಿದುದಲ್ಲ. ಆದರೂ ನಮ್ಮ ಹಳ್ಳಿಗಳಲ್ಲಿ ಕಾಯಿಲೆ ಬಿಟ್ಟವನಿಗೆ ಗಂಜಿಯನ್ನೂ ನೀರುಮಜ್ಜಿಗೆಯನ್ನೂ ಕೊಟ್ಟು ಪಥ್ಯ ಹಿಡಿಸುವ ವಾಡಿಕೆಯ ಹಿಂದಿರುವುದು ಇದೇ ತತ್ತ್ವ: ರೋಗವು ನಿಂತ ದಿನವೂ ಬಲವು ಬಂದ ದಿನವೂ ಒಂದೇ ಅಲ್ಲ.

ಈ ಬಲವೆಂಬುದು ಏನೆಂಬುದನ್ನು ಇಪ್ಪತ್ತನೆಯ ಶತಮಾನದ ಸಂಶೋಧನೆಯು ಇನ್ನಷ್ಟು ಸ್ಪಷ್ಟಪಡಿಸಿತು. ವಾಂತಿಭೇದಿಯಲ್ಲಿ ಮುಖ್ಯವಾಗಿ ನಷ್ಟವಾಗುವುದು ನೀರು ಮತ್ತು ಲವಣಗಳು. ಕರುಳಿನ ಗೋಡೆಯಲ್ಲಿ ಗ್ಲೂಕೋಸು ಸೋಡಿಯಮ್ಮನ್ನು ತನ್ನ ಜೊತೆಗೆ ಒಳಕ್ಕೆ ಒಯ್ಯುತ್ತದೆ. ಅವುಗಳನ್ನು ಹಿಂಬಾಲಿಸಿ ನೀರೂ ಒಳಸೇರುತ್ತದೆ. ಆದಕಾರಣ ಸಕ್ಕರೆ ಉಪ್ಪುಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದ ನೀರು ಭೇದಿಯ ನಡುವೆಯೂ ದೇಹಕ್ಕೆ ಹತ್ತುತ್ತದೆ. ೧೯೭೧ರಲ್ಲಿ ಬಾಂಗ್ಲಾದೇಶದ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವಿನ ಶಿಬಿರಗಳಲ್ಲಿ ಕಾಲರಾಕ್ಕೆ ತುತ್ತಾದಾಗ ಡಾಕ್ಟರ್ ದಿಲೀಪ್ ಮಹಲನಾಬಿಸರು ಈ ತತ್ತ್ವವನ್ನು ವಿಶಾಲವಾಗಿ ಪ್ರಯೋಗಿಸಿದರು. ಅಲ್ಲಿ ಶೇಕಡ ೩೦ರಷ್ಟಿದ್ದ ಮರಣಪ್ರಮಾಣವು ಶೇಕಡ ೩.೬ಕ್ಕೆ ಇಳಿಯಿತು. ಇಂದು ಔಷಧದ ಅಂಗಡಿಗಳಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣವು ಈ ಪರಂಪರೆಗೆ ಸೇರಿದುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರು ನೀರಿಗೆ ೨.೬ ಗ್ರಾಂ ಅಡುಗೆ ಉಪ್ಪು, ೧೩.೫ ಗ್ರಾಂ ಗ್ಲೂಕೋಸು, ೧.೫ ಗ್ರಾಂ ಪೊಟ್ಯಾಸಿಯಮ್ ಕ್ಲೋರೈಡು, ೨.೯ ಗ್ರಾಂ ಸೋಡಿಯಮ್ ಸಿಟ್ರೇಟು ಸೇರಿರಬೇಕು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದು ಕುಡಿದರೆ ಉಪಕಾರಕ್ಕೆ ಬದಲು ಅಪಕಾರವಾದೀತು.

ಎದ್ದು ನಿಂತಾಗ ತಲೆ ಸುತ್ತದಿರುವುದು, ಮೂತ್ರವು ತಿಳಿಯಾಗಿ ವಾಡಿಕೆಯಷ್ಟು ಆಗುವುದು, ಉಂಡ ಆಹಾರ ಒಳಗೆ ನಿಲ್ಲುವುದು ಇವು ಬಲವು ಮರಳಿದುದಕ್ಕೆ ಗುರುತುಗಳು. ಮಲದಲ್ಲಿ ರಕ್ತ, ತೀವ್ರ ಜ್ವರ, ಕುಡಿದ ನೀರೂ ನಿಲ್ಲದಿರುವುದು, ಮೂತ್ರ ಬಹುವಾಗಿ ಕಡಮೆಯಾಗುವುದು, ಮಂಕುಕವಿಯುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಕೆಲಸದ ವಿಚಾರವನ್ನು ಬದಿಗಿರಿಸಿ ವೈದ್ಯರ ಬಳಿಗೆ ಹೋಗತಕ್ಕದ್ದು.

೨. ಪರರ ಕ್ಷೇಮದ ಪ್ರಶ್ನೆ

ದೇಹಕ್ಕೆ ಬಲ ಬಂದವನು ಕೆಲಸಕ್ಕೆ ಯೋಗ್ಯನೆಂದೇ ಲೋಕವು ಬಹುಕಾಲ ನಂಬಿತ್ತು. ಅಂಬಾಜಿದುರ್ಗದಲ್ಲಿ ನಾನೂ ಹಾಗೆಯೇ ಎಣಿಸಿದ್ದೆನು. ಈ ನಂಬಿಕೆಯನ್ನು ಅಲುಗಿಸಿದುದು ಸೂಕ್ಷ್ಮಜೀವಿವಿಜ್ಞಾನ. ಜರ್ಮನಿಯ ರಾಬರ್ಟ್ ಕಾಕ್ ಎಂಬ ವಿಜ್ಞಾನಿಯು ೧೮೮೩-೮೪ರಲ್ಲಿ ಈಜಿಪ್ಟಿನಲ್ಲಿಯೂ ಕಲ್ಕತ್ತೆಯಲ್ಲಿಯೂ ಕಾಲರಾದ ಜೀವಾಣುವನ್ನು ಗುರುತಿಸಿದನು. ಅವನೇ ೧೯೦೨ರಲ್ಲಿ ಜರ್ಮನಿಯ ಟ್ರೀರ್ ಪ್ರದೇಶದಲ್ಲಿ ವಿಷಮಶೀತಜ್ವರವನ್ನು, ಎಂದರೆ ಟೈಫಾಯಿಡನ್ನು, ಕುರಿತು ನಡೆಸಿದ ಕಾರ್ಯದಿಂದ ಇನ್ನೊಂದು ಸಂಗತಿ ಹೊರಬಿದ್ದಿತು: ನೋಡುವುದಕ್ಕೆ ಆರೋಗ್ಯವಂತರಾಗಿರುವವರ ಮಲದಲ್ಲಿಯೂ ರೋಗಾಣುಗಳು ಇರಬಹುದು.

ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಮೇರಿ ಮಲನ್ ಎಂಬಾಕೆಯದು. ಐರ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಅಡುಗೆಯವಳಾಗಿದ್ದ ಆಕೆಗೆ ತಾನು ರೋಗಿಯೆಂಬ ಅರಿವೇ ಇರಲಿಲ್ಲ. ೧೯೦೬ರಲ್ಲಿ ಆಕೆ ಕೆಲಸ ಮಾಡಿದ್ದ ಮನೆಯೊಂದರಲ್ಲಿ ಟೈಫಾಯಿಡ್ ತೋರಿದಾಗ ಜಾರ್ಜ್ ಸೋಪರ್ ಎಂಬ ನೈರ್ಮಲ್ಯತಜ್ಞನು ಜಾಡು ಹಿಡಿದು ಆಕೆಯನ್ನು ಪತ್ತೆಮಾಡಿದನು. ೧೯೦೭ರಿಂದ ೧೯೧೦ರ ವರೆಗೆ ಆಕೆಯನ್ನು ದ್ವೀಪವೊಂದರ ಆಸ್ಪತ್ರೆಯಲ್ಲಿ ಇರಿಸಿ, ಮತ್ತೆ ಅಡುಗೆ ಮಾಡಕೂಡದೆಂಬ ಷರತ್ತಿನ ಮೇಲೆ ಬಿಡುಗಡೆ ಮಾಡಿದರು. ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ ಆಕೆಗೆ ಅಡುಗೆಯಲ್ಲಿ ಸಿಗುತ್ತಿದ್ದಷ್ಟು ಸಂಬಳ ಸಿಗಲಿಲ್ಲ. ೧೯೧೫ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ ೨೫ ಮಂದಿಗೆ ಟೈಫಾಯಿಡ್ ತಗುಲಿದಾಗ, ಬೇರೊಂದು ಹೆಸರಿನಲ್ಲಿ ಅಲ್ಲಿ ಅಡುಗೆ ಮಾಡುತ್ತಿದ್ದವಳು ಆಕೆಯೇ ಎಂದು ಗೊತ್ತಾಯಿತು. ಉಳಿದ ಆಯುಷ್ಯವನ್ನು ಆಕೆ ಆ ದ್ವೀಪದಲ್ಲಿಯೇ ಕಳೆದು ೧೯೩೮ರಲ್ಲಿ ತೀರಿಕೊಂಡಳು. ಆಕೆಯನ್ನು ದೂರುವವರು ಅನೇಕರು. ಆಕೆಯ ಕೈಯಿಂದ ಕಸಿದುಕೊಂಡ ಜೀವನೋಪಾಯಕ್ಕೆ ಸಮನಾದುದನ್ನು ಕೊಡಲಿಲ್ಲವೆಂಬುದನ್ನು ನೆನೆಯುವವರು ವಿರಳ.

ಸಾಮಾನ್ಯವಾದ ವಾಂತಿಭೇದಿಯ ವಿಷಯದಲ್ಲಿ ಮುಖ್ಯವಾದ ವೈರಾಣುವಿಗೆ ನೋರೋವೈರಾಣುವೆಂದು ಹೆಸರು. ೧೯೬೮ರಲ್ಲಿ ಅಮೆರಿಕದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಹರಡಿದ ಕಾಯಿಲೆಯಿಂದ ಈ ಹೆಸರು ಬಂದಿತು. ೧೯೭೨ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದನ್ನು ಕಂಡರು. ಸೋಂಕು ತಗುಲಿದ ೧೨ರಿಂದ ೪೮ ಗಂಟೆಗಳೊಳಗೆ ಲಕ್ಷಣಗಳು ತೋರಿ, ಒಂದರಿಂದ ಮೂರು ದಿನಗಳಲ್ಲಿ ಇಳಿಯುತ್ತವೆ. ಆದರೆ ಲಕ್ಷಣಗಳು ನಿಂತ ಮೇಲೆಯೂ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ವೈರಾಣುವು ಮಲದಲ್ಲಿ ಹೊರಬೀಳುತ್ತಿರಬಹುದು; ಮೊದಲ ದಿನಗಳಲ್ಲಿ ಅಪಾಯ ಅಧಿಕ. ಆದುದರಿಂದಲೇ ಕೊನೆಯ ವಾಂತಿ ಅಥವಾ ಭೇದಿಯಾದ ಬಳಿಕ ೪೮ ಗಂಟೆಗಳ ಕಾಲ ಕೆಲಸಕ್ಕೂ ಶಾಲೆಗೂ ಹೋಗಬಾರದೆಂದು ಅನೇಕ ದೇಶಗಳ ಆರೋಗ್ಯಾಧಿಕಾರಿಗಳು ವಿಧಿಸಿದ್ದಾರೆ. ಆ ಬಳಿಕವೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯುವುದನ್ನು ಬಿಡಬಾರದು; ಕೈಗೆ ಸವರಿಕೊಳ್ಳುವ ಮದ್ಯಸಾರದ ದ್ರವವು ಈ ವೈರಾಣುವಿನ ಮೇಲೆ ಸಾಕಷ್ಟು ಪರಿಣಾಮಕಾರಿಯಲ್ಲ. ಟೈಫಾಯಿಡ್, ಕಾಲರಾ, ರಕ್ತಭೇದಿಗಳಲ್ಲಿ ೪೮ ಗಂಟೆಗಳ ಲೆಕ್ಕ ಸಾಲದು. ಅಡುಗೆಯವರು ಮತ್ತು ದಾದಿಯರು ಮಲಪರೀಕ್ಷೆಯಾಗಿ ವೈದ್ಯರ ಅನುಮತಿ ದೊರೆತ ಮೇಲೆಯೇ ಮರಳತಕ್ಕದ್ದು. ನಮ್ಮ ದೇಶದಲ್ಲಿ ೨೦೦೬ರ ಆಹಾರ ಸುರಕ್ಷತಾ ಕಾಯಿದೆಯ ಅನುಸಾರ ೨೦೧೧ರಲ್ಲಿ ಹೊರಟ ನಿಯಮಾವಳಿಯು ವಾಂತಿ, ಭೇದಿ, ಕಾಮಾಲೆಗಳುಳ್ಳವರನ್ನು ಆಹಾರ ತಯಾರಿಸುವ ಸ್ಥಳದಿಂದ ದೂರವಿರಿಸಬೇಕೆಂದು ವಿಧಿಸಿತು.

೩. ಕೂಲಿಯ ಪ್ರಶ್ನೆ

ದೂರವಿರಬೇಕೆಂದು ಹೇಳುವುದು ಸುಲಭ. ದೂರವಿದ್ದ ದಿನ ಉಣ್ಣುವುದೇನೆಂಬುದೇ ಮೂರನೆಯ ಪ್ರಶ್ನೆ. ಇದಕ್ಕೆ ರಾಜ್ಯವು ಕೊಟ್ಟ ಉತ್ತರಗಳಲ್ಲಿ ಮೊದಲಿನ ದೊಡ್ಡದು ಬಿಸ್ಮಾರ್ಕನ ಜರ್ಮನಿಯ ೧೮೮೩ರ ಅನಾರೋಗ್ಯ ವಿಮೆಯ ಕಾಯಿದೆ. ೧೯೧೧ರಲ್ಲಿ ಬ್ರಿಟನ್ನು ಅದೇ ಮಾರ್ಗವನ್ನು ಹಿಡಿಯಿತು. ಭಾರತದಲ್ಲಿ ಪ್ರೊಫೆಸರ್ ಬಿ. ಪಿ. ಅಡಾರ್ಕರರು ೧೯೪೪ರಲ್ಲಿ ಒಪ್ಪಿಸಿದ ವರದಿಯು ತಳಹದಿಯಾಗಿ, ೧೯೪೮ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆಯು ಹೊರಟಿತು. ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರ ದೆಹಲಿಗಳಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಕಾಲಕ್ರಮದಲ್ಲಿ ಕೂಲಿಯ ಶೇಕಡ ೭೦ರಷ್ಟನ್ನು ವರ್ಷಕ್ಕೆ ೯೧ ದಿನಗಳವರೆಗೆ ಕೊಡುವ ಏರ್ಪಾಡಾಯಿತು.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಜರ್ಮನಿಯ ಕಾಯಿದೆಯಲ್ಲಿ ಮೊದಲ ಕೆಲವು ದಿನಗಳಿಗೆ ಹಣವಿರಲಿಲ್ಲ. ಬ್ರಿಟನ್ನಿನಲ್ಲಿ ನಾಲ್ಕನೆಯ ದಿನದಿಂದ ಮಾತ್ರ ಇತ್ತು. ನಮ್ಮ ೧೯೪೮ರ ಕಾಯಿದೆಯ ೪೯ನೆಯ ಪ್ರಕರಣವೂ ಕಾಯಿಲೆಯ ಮೊದಲ ಎರಡು ದಿನಗಳಿಗೆ ಭತ್ಯವಿಲ್ಲವೆಂದಿತು. ಹದಿನೈದು ದಿನಗಳೊಳಗೆ ಮತ್ತೆ ಕಾಯಿಲೆಯಾದವರಿಗೆ ಮಾತ್ರ ವಿನಾಯಿತಿ. ಸುಳ್ಳು ಕಾಯಿಲೆಗಳನ್ನು ತಡೆಯುವುದು, ಸಣ್ಣ ಸಣ್ಣ ಲೆಕ್ಕಗಳ ತೊಡಕನ್ನು ತಪ್ಪಿಸುವುದು ಇಂತಹ ನಿಯಮಗಳ ಉದ್ದೇಶ. ಕ್ಷಯದಂತಹ ದೀರ್ಘವ್ಯಾಧಿಯಲ್ಲಿ ಇದು ಸಣ್ಣ ವಿಷಯ. ಆದರೆ ಎರಡು ಮೂರು ದಿನಗಳ ಉದರವ್ಯಾಧಿಯಲ್ಲಿ ನಷ್ಟದ ಬಹುಭಾಗ ಬೀಳುವುದೇ ಈ ಎರಡು ದಿನಗಳ ಮೇಲೆ. ನಾಲ್ಕು ದಿನ ಮನೆಯಲ್ಲಿರಬೇಕಾದವನಿಗೆ ಎರಡು ದಿನದ ಕೂಲಿ ಪೂರ್ತಿಯಾಗಿ ಹೋಗುವುದಾದರೆ, ಅವನು ಎರಡನೆಯ ದಿನವೇ ಎದ್ದು ಹೊರಡುವುದರಲ್ಲಿ ಆಶ್ಚರ್ಯವೇನು?

ಕರ್ನಾಟಕದಲ್ಲಿ ಇನ್ನೊಂದು ಆಧಾರವೂ ಇದೆ. ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ಅನಾರೋಗ್ಯ ಮೊದಲಾದ ಕಾರಣಗಳಿಗಾಗಿ ವರ್ಷಕ್ಕೆ ೧೨ ದಿನಗಳವರೆಗೆ ಕೂಲಿಸಹಿತ ರಜೆಯನ್ನು ವಿಧಿಸಿತು. ಹೋಟೆಲುಗಳೂ ಅದರ ವ್ಯಾಪ್ತಿಗೆ ಸೇರಿದವು. ನನ್ನ ವಿದ್ಯಾರ್ಥಿಗೆ ಈ ವಿಷಯ ತಿಳಿದಿರಲಿಲ್ಲ. ಅಂದಿನವರೆಗೆ ನನಗೂ ತಿಳಿದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ದಿನಗೂಲಿಗೆ ದುಡಿಯುವವನಿಗೆ ಕಾಯಿದೆಯು ಕಾಗದದ ಮೇಲೆಯೇ ಉಳಿಯುತ್ತದೆಂಬುದು ಬೇರೆಯ ಮಾತು.

೪. ನಿರ್ಣಯದ ಕ್ರಮ

ಹೀಗೆ ಮೂರು ಪ್ರಶ್ನೆಗಳನ್ನು ಬೇರೆಮಾಡಿಕೊಂಡರೆ ನಿರ್ಣಯವು ಸುಲಭವಾಗುತ್ತದೆ. ಎಲ್ಲ ಕೆಲಸಗಳಿಗೂ ಒಂದೇ ಉತ್ತರವಿಲ್ಲವೆಂಬುದೂ ವಿದಿತವಾಗುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯುವ ಬಿಸಿನೀರಿನ ಮುಂದೆ ನೂಲು ಬಿಚ್ಚುವವರಿಗೂ, ಚಿಕ್ಕಬಳ್ಳಾಪುರದ ಕಲ್ಲುಗಣಿಯ ಬಿಸಿಲಿನಲ್ಲಿ ದುಡಿಯುವವರಿಗೂ ಮೊದಲನೆಯ ಪ್ರಶ್ನೆ ಪ್ರಧಾನ. ಬೆವರಿನಲ್ಲಿ ಮತ್ತೆ ನೀರು ಲವಣಗಳು ನಷ್ಟವಾಗುವುದರಿಂದ ೪೮ ಗಂಟೆ ಕಳೆದರೂ ಬಲ ಬಾರದೆ ಅವರು ಹೊರಡಬಾರದು. ಶಾಲೆಯ ಬಿಸಿಯೂಟದ ಅಡುಗೆಯವರಿಗೂ, ವಿದ್ಯಾರ್ಥಿನಿಲಯದಲ್ಲಿ ಬಡಿಸುವವರಿಗೂ, ಆಸ್ಪತ್ರೆಯ ದಾದಿಯರಿಗೂ, ಕೂಸುಗಳನ್ನು ನೋಡಿಕೊಳ್ಳುವವರಿಗೂ ಎರಡನೆಯದು ಪ್ರಧಾನ. ಮೈ ಎಷ್ಟೇ ಹಗುರವಾಗಿದ್ದರೂ ೪೮ ಗಂಟೆಗಳ ಮೊದಲು ಅವರು ಕೆಲಸ ಮುಟ್ಟಬಾರದು. ಅಧ್ಯಾಪಕನು ಇವೆರಡರ ನಡುವೆ ಇದ್ದಾನೆ. ಅವನೂ ಆ ಅವಧಿಯನ್ನು ಮನೆಯಲ್ಲಿ ಕಳೆಯತಕ್ಕದ್ದು. ಮರಳಿದ ಮೇಲೆಯೂ ಕೆಲವು ದಿನ ಇತರರಿಗೆ ಬಡಿಸುವ ಸೌಜನ್ಯವನ್ನು ಬಿಟ್ಟಿರುವುದು ಲೇಸು.

ಮೂರನೆಯ ಪ್ರಶ್ನೆಗೆ ರೋಗಿಯು ಒಬ್ಬನೇ ಉತ್ತರ ಕೊಡಲಾರನು. ಕಾಯುವುದರಿಂದ ಲಾಭ ಹೊಂದುವವರು ಇತರರಾದುದರಿಂದ ಅದರ ವೆಚ್ಚದಲ್ಲಿ ಇತರರಿಗೂ ಪಾಲಿರುವುದು ನ್ಯಾಯ. ಇದರಲ್ಲಿ ಕಾಲೇಜುಗಳಿಂದ ಆಗಬಹುದಾದುದು ಅಲ್ಪವೇನೂ ಅಲ್ಲ. ವಿದ್ಯಾರ್ಥಿನಿಲಯದ ಅಡುಗೆಯವರು ಭೇದಿಯೆಂದು ಹೇಳಿದ ದಿನ ಅವರ ಕೂಲಿಯನ್ನು ಹಿಡಿಯದಿರುವುದು. ವಾಂತಿಭೇದಿಯಿಂದ ಎರಡು ದಿನ ತಪ್ಪಿದ ವಿದ್ಯಾರ್ಥಿಯ ಹಾಜರಿಯನ್ನು ಉದಾರವಾಗಿ ಪರಿಗಣಿಸುವುದು. ಕೈತೊಳೆಯುವ ಸ್ಥಳದಲ್ಲಿ ಸಾಬೂನು ತಪ್ಪದಿರುವಂತೆ ನೋಡಿಕೊಳ್ಳುವುದು. ದುಡಿದು ಓದುವವರಿಗೆ ತಮಗಿರುವ ರಜೆಯ ಹಕ್ಕನ್ನು ತಿಳಿಸುವುದು.

ಆ ವಿದ್ಯಾರ್ಥಿಗೆ ನಾನು ೧೯೬೧ರ ಕಾಯಿದೆಯ ವಿಷಯವನ್ನು ತಿಳಿಸಿದೆನು. ಮಾಲೀಕರನ್ನು ಕೇಳಿದನೋ ಇಲ್ಲವೋ ಅವನು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಮರುವರ್ಷ ಅಂಬಾಜಿದುರ್ಗಕ್ಕೆ ಹೋಗುವಾಗ ಚೀಲದಲ್ಲಿ ಸಾಬೂನು ಇಟ್ಟುಕೊಂಡೆನು. ಹಿಂದಿನ ದಿನ ವಿದ್ಯಾರ್ಥಿಗಳನ್ನೆಲ್ಲ ಸೇರಿಸಿ, ಯಾರಿಗಾದರೂ ಹೊಟ್ಟೆ ಕೆಟ್ಟಿದ್ದರೆ ಸಂಕೋಚವಿಲ್ಲದೆ ಹೇಳಬೇಕೆಂದೂ, ಅವರ ಹಣವನ್ನು ಹಿಂದಿರುಗಿಸಲಾಗುವುದೆಂದೂ ತಿಳಿಸಿದೆನು. ಇಬ್ಬರು ಕೈ ಎತ್ತಿದರು. ಅವರ ಹಣವನ್ನು ಅಲ್ಲಿಯೇ ಕೊಟ್ಟು, ಮುಂದಿನ ತಂಡದೊಡನೆ ಬರಬಹುದೆಂದು ಹೇಳಿ ಮನೆಗೆ ಕಳುಹಿಸಿದೆನು.