ವೂರ ವರ್ತಮಾನ

ಭೂತಕ್ಕೂ ಭವಿಷ್ಯತ್ತಿಗೂ ನಡುವೆ ಕೂತ ‘ವರ್ತಮಾನ’ ಶಾಲೆಯ ವ್ಯಾಕರಣದಿಂದ ನಮಗೆಲ್ಲ ಗೊತ್ತು. ಅದಕ್ಕೊಂದು ಬಹುವಚನ ಹಚ್ಚಿ ‘ವರ್ತಮಾನಗಳು’ ಎಂದು ನೋಡಿ, ಇಂದಿನ ಕಿವಿಗೆ ಒಗ್ಗದು. 1843ರ ಕನ್ನಡ ಓದುಗನಿಗೆ ಮಾತ್ರ ಅದು ದಿನಬಳಕೆಯ ಮಾತು.

ಆ ವರ್ಷದ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ಬರುತ್ತಿದ್ದ ಪತ್ರಿಕೆ. ಊರಿನ ಸಂಗತಿಗಳಿಗೆ ಅವರು ಕೊಟ್ಟ ತಲೆಬರಹ ‘ವೂರ ವರ್ತಮಾನ’. ‘ಊರ’ ಅಲ್ಲ, ಬಾಯಲ್ಲಿ ಹೊರಡುವ ಹಾಗೆ ‘ವೂರ’. ದೂರದ ದೇಶಗಳ ಸಂಗತಿಗಳಿಗೆ ‘ಸರ್ವರಾಜ್ಯ ವರ್ತಮಾನಗಳು’. ಬೆರಗು ಹುಟ್ಟಿಸುವಂಥವಕ್ಕೆ ಬೇರೆಯೇ ಪದ: ಆಶ್ಚರ್ಯದ ‘ಸುದ್ದಿಗಳು’. ಪತ್ರಿಕೆಯ ಹೆಸರಿಗೆ ಸಮಾಚಾರ, ನೆಲೆಯಾದ ತಿಳಿವಳಿಕೆಗೆ ವರ್ತಮಾನ, ಸೋಜಿಗಕ್ಕೆ ಸುದ್ದಿ. ಇಂದು ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಯೋಚಿಸದೆ ಇಡುತ್ತೇವೆ. ಜರ್ಮನಿಯಿಂದ ಬಂದು ಕನ್ನಡ ಕಲಿತ ಮನುಷ್ಯ ಮೂರನ್ನೂ ಬೇರೆಬೇರೆ ತೂಗಿ ಇಟ್ಟಿದ್ದನ್ನು ಕಂಡಾಗ ನನಗೆ ಗೌರವ ಹುಟ್ಟುತ್ತದೆ.

ಪದವನ್ನು ಬಿಡಿಸಿದರೆ ಆ ಆಯ್ಕೆಯ ಸೊಗಸು ಇನ್ನೂ ತಿಳಿಯುತ್ತದೆ. ಸಂಸ್ಕೃತದ ‘ವೃತ್’ ಧಾತುವಿಗೆ ಇರು, ನಡೆ, ಹೊರಳು ಎಂಬ ಅರ್ಥಗಳಿವೆ. ‘ವೃತ್ತ’ ಎಂದರೆ ನಡೆದುಹೋದದ್ದು. ‘ವರ್ತಮಾನ’ ಎಂದರೆ ನಡೆಯುತ್ತ ಇರುವುದು, ಇನ್ನೂ ಮುಗಿಯದ್ದು. ವೃತ್ತಾಂತ, ವಾರ್ತೆ ಎರಡೂ ಇದೇ ಬಳ್ಳಿಯ ಕಾಯಿಗಳು. ನಮ್ಮ ಪತ್ರಿಕೆಗಳು ಈ ಬಳ್ಳಿಯಿಂದ ಬೇಕಾದಷ್ಟು ಕೊಯ್ದುಕೊಂಡವು. ಧಾರವಾಡಕ್ಕೆ ‘ಕರ್ನಾಟಕ ವೃತ್ತ’ ಬಂತು, ಮೈಸೂರಿಗೆ ‘ವೃತ್ತಾಂತ ಪತ್ರಿಕೆ’ಯೂ ಎಂ. ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’ಯೂ ಬಂದವು. ಪತ್ರಿಕೆ ಎಂಬ ವಸ್ತುವಿಗೇ ‘ವರ್ತಮಾನ ಪತ್ರಿಕೆ’ ಎಂಬ ಹೆಸರು ನಡೆಯುತ್ತಿತ್ತು.

ಆದರೆ ಮೊಗ್ಲಿಂಗರ ಪತ್ರಿಕೆಯ ಕಾಲಕ್ಕೆ ತಂತಿ ಬಂದಿರಲಿಲ್ಲ. ಯುರೋಪಿನ ಸಂಗತಿ ಹಡಗೇರಿ ಮಂಗಳೂರು ಮುಟ್ಟುವ ಹೊತ್ತಿಗೆ ವಾರಗಟ್ಟಲೆ ಹಳೆಯದಾಗಿರುತ್ತಿತ್ತು. ಅಲ್ಲಿ ಮುಗಿದೇಹೋದದ್ದು ಇಲ್ಲಿ ‘ನಡೆಯುತ್ತಿರುವುದು’ ಎಂದು ಅಚ್ಚಾಗುತ್ತಿತ್ತು. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಸಂಗತಿ ಕಿವಿಗೆ ಬಿದ್ದ ಗಳಿಗೆಯಲ್ಲೇ ಕೇಳಿದವನ ಪಾಲಿಗೆ ಅದು ನಡೆಯತೊಡಗುತ್ತದೆ ಎಂಬ ತಿಳಿವು ಆ ಬಳಕೆಯಲ್ಲಿದೆ. ಹಳೆಯ ಕಾಗದಗಳಲ್ಲಿ ‘ಉಭಯಕುಶಲೋಪರಿ’ ಆದಮೇಲೆ ಬರುತ್ತಿದ್ದ ‘ಸಾಂಪ್ರತ’ವನ್ನು ನೆನೆಯಿರಿ. ಅದರ ಅರ್ಥವೂ ‘ಈಗ’. ಎಂಟು ದಿನದ ದಾರಿ ನಡೆದು ಬಂದ ಕಾಗದವೂ ‘ಈಗ’ ಎಂದೇ ಮಾತು ತೆಗೆಯುತ್ತಿತ್ತು.

ಪಕ್ಕದ ಮಲಯಾಳದಲ್ಲಿ ವರ್ತಮಾನವೆಂದರೆ ಇಂದಿಗೂ ಮಾತುಕತೆ, ಸುದ್ದಿ. ತೆಲುಗಿನಲ್ಲಿ ಹೇಳಿಕಳಿಸಿದ ಸಂದೇಶಕ್ಕೂ ಅದೇ ಹೆಸರು. ಕನ್ನಡದಲ್ಲಿ ಆಕಾಶವಾಣಿ ವಾರ್ತೆಯನ್ನೂ ಪ್ರದೇಶ ಸಮಾಚಾರವನ್ನೂ ಉಳಿಸಿಕೊಂಡಿತು, ಸುದ್ದಿ ಎಲ್ಲ ಕಡೆ ಹಬ್ಬಿತು, ವರ್ತಮಾನ ವ್ಯಾಕರಣಕ್ಕೂ ವಿಚಾರ ಲೇಖನಗಳಿಗೂ ಸರಿದುಕೊಂಡಿತು.

ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಪತ್ರಿಕೆಯ ಕಟ್ಟೋ ಕಾಗದದ ಗಂಟೋ ಇದ್ದರೆ ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ಓದಿ. ‘ನಿಮ್ಮ ಕಡೆಯ ವರ್ತಮಾನ ತಿಳಿಸುವುದು’ ಎಂಬಂಥ ಸಾಲು ಸಿಕ್ಕರೆ ಆ ಹಾಳೆಯನ್ನು ತೆಗೆದಿಡಿ.