ಆಶಾ ಅಕ್ಕನ ಸೇವೆಗೆ ಕೂಲಿ ಬೇಡವೇ?

ಕಳೆದ ಮಳೆಗಾಲದಲ್ಲಿ ತಂಗಿ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಹೆರಿಗೆಯಾದ ಏಳನೇ ದಿನ ಜೋರು ಮಳೆ. ಅರ್ಧ ಒದ್ದೆಯಾಗಿ ಬಂದ ಆಶಾ ಅಕ್ಕ ಮಗುವಿನ ತೂಕ ನೋಡಿದರು, ಹೊಕ್ಕುಳು ಪರೀಕ್ಷಿಸಿದರು. ಉಮ್ಮ ಚಾ ಕೊಡುತ್ತಾ, "ನಿಮಗೆ ಸರಕಾರದಿಂದ ಒಳ್ಳೆ ಸಂಬಳ ಉಂಟಲ್ಲವಾ?" ಎಂದು ಕೇಳಿದರು. ಅಕ್ಕ ನಕ್ಕರು, "ಸಂಬಳ ಇಲ್ಲ ಉಮ್ಮ, ನಾವು ಸ್ವಯಂಸೇವಕಿಯರು."

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಈ ವ್ಯವಸ್ಥೆ ಬಂತು. ಸುಮಾರು ಸಾವಿರ ಜನರಿಗೆ ಒಬ್ಬರು ಆಶಾ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬರಬೇಕು. ಈ ಆರೂ ಭೇಟಿಗೆ ಸೇರಿಸಿ ನಿಗದಿಯಾಗಿದ್ದು 250 ರೂಪಾಯಿ! ಗೌರವಧನ ಬಿಟ್ಟರೆ ಉಳಿದದ್ದೆಲ್ಲ ಹೀಗೆ ಕೆಲಸದ ಲೆಕ್ಕದಲ್ಲಿ. ಪೋರ್ಟಲ್‌ನಲ್ಲಿ ದಾಖಲಾಗದಿದ್ದರೆ ಮಾಡಿದ ಕೆಲಸಕ್ಕೂ ಹಣ ಬರುವುದಿಲ್ಲ ಎಂಬುದು ಅವರ ಹಳೇ ದೂರು.

ನಮ್ಮ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರಿಗೂ ಸಾವಿರದ ಲೆಕ್ಕವೇ. ಆದರೆ ಅವರಿಗೆ ಕಾನೂನಿನಲ್ಲಿ ಕನಿಷ್ಠ ಕೂಲಿ ಉಂಟು, ಪಿಎಫ್ ಉಂಟು. 'ಸ್ವಯಂಸೇವಕಿ' ಎಂಬ ಒಂದು ಹೆಸರಿನಿಂದಾಗಿ ಆಶಾ ಅಕ್ಕನಿಗೆ ಅದೂ ಇಲ್ಲ.

ಕೊರೋನಾ ಕಾಲದಲ್ಲಿ ಮನೆ ಮನೆ ತಿರುಗಿದವರು ಇವರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟು ಗೌರವಿಸಿತು. ಪ್ರಶಸ್ತಿಯಿಂದ ಅಕ್ಕಿ ಬರುತ್ತದಾ? 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆದರು. ಆ ಮೇಲೆ ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುವ ಭರವಸೆ ಸರಕಾರದಿಂದ ಬಂತು. ಕೊಟ್ಟ ಮಾತು ಪೂರ್ತಿಯಾಗಿ ಕೈಗೆ ಸಿಗಬೇಕು.

"ಸೇವೆ ಅಲ್ಲವಾ, ಪ್ರತಿಫಲ ಅಲ್ಲಾಹನ ಬಳಿ ಉಂಟು" ಎಂಬ ಮಾತು ನಮ್ಮಂಥ ಉಸ್ತಾದರಿಗೂ ಹೊಸದಲ್ಲ. ಖಂಡಿತ ಉಂಟು. ಆದರೆ ಅದನ್ನು ಹೇಳಿ ಕೂಲಿ ಕಡಿಮೆ ಮಾಡುವ ಹಕ್ಕು ಯಾರಿಗೂ ಇಲ್ಲ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವರು ನಾವೇ ತಾನೇ?

ಸರಕಾರ ಮಾಡಬೇಕಾದ್ದು ಬೇರೆ, ನಾವು ಮಾಡಬೇಕಾದ್ದು ಬೇರೆ. ಅಕ್ಕ ಬಂದಾಗ ಗೇಟಿನಲ್ಲೇ ನಿಲ್ಲಿಸಬೇಡಿ. ತಾಯಿ ಕಾರ್ಡ್ ತೆಗೆದಿಡಿ, ಕೇಳಿದ ವಿವರ ಸರಿಯಾಗಿ ಹೇಳಿ. ನಾವು ಮುಚ್ಚುವ ಒಂದು ಬಾಗಿಲಿನಿಂದ ಅವರ ಒಂದು ದಿನದ ದುಡಿಮೆ ಹೋಗುತ್ತದೆ, ನಮ್ಮ ಮಗುವಿನ ಒಂದು ಲಸಿಕೆಯೂ ತಪ್ಪಬಹುದು.