ಕೆಂಪು ಲಾಂದ್ರದ ಗಲ್ಲಿಗಳು: ಹಸಿವು ಕಟ್ಟಿದ್ದು, ಕಾಗದಪತ್ರ ಕಾಯ್ದದ್ದು

ಟೋಕಿಯೊದ ಶಿಂಜುಕು ರೈಲು ನಿಲ್ದಾಣದ ಪಶ್ಚಿಮ ಬಾಗಿಲ ಪಕ್ಕದಲ್ಲೇ, ಹಳಿಗಳಿಗೆ ಒತ್ತಿಕೊಂಡು ಒಮೊಯಿದೆ ಯೊಕೊಚೊ ಇದೆ. ಹೆಸರಿಗೆ ನೆನಪಿನ ಗಲ್ಲಿ. ಎದುರಿನಿಂದ ಯಾರಾದರೂ ಬಂದರೆ ಭುಜ ಓರೆ ಮಾಡಿಯೇ ದಾಟಬೇಕು. ಎರಡೂ ಕಡೆ ಕೆಂಪು ಕಾಗದದ ಲಾಂದ್ರ, ಇದ್ದಿಲ ಹೊಗೆ, ಏಳೆಂಟು ಸ್ಟೂಲಿಗೆ ಮುಗಿದುಹೋಗುವ ಅಂಗಡಿಗಳು. ಗೋಡೆಯ ಮೂಲೆಯಲ್ಲಿ ಕೂತವನು ಹೊರಡಬೇಕೆಂದರೆ ಸಾಲಿನಲ್ಲಿದ್ದವರೆಲ್ಲ ಗ್ಲಾಸು ಕೈಯಲ್ಲಿ ಹಿಡಿದು ಎದ್ದು ನಿಲ್ಲಬೇಕು. ಹಾಗೆ ಎದ್ದು ಕೂರುವ ಗಡಿಬಿಡಿಯಲ್ಲೇ ಅಪರಿಚಿತರ ನಡುವೆ ಮಾತು ಶುರುವಾಗುತ್ತದೆ.

ಈ ಇಕ್ಕಟ್ಟನ್ನು ಈಗ ಜಗತ್ತೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುತ್ತಿದೆ. ಆದರೆ ಯಾವ ವಾಸ್ತುಶಿಲ್ಪಿಯೂ ಇದರ ನಕ್ಷೆ ಬರೆದವನಲ್ಲ. ಇದರ ಅಳತೆ ನಿಗದಿಯಾದದ್ದು 1945ರ ಹಸಿವಿನಲ್ಲಿ.

ಆ ವರ್ಷ ಆಗಸ್ಟ್ 15ಕ್ಕೆ ಜಪಾನ್ ಶರಣಾಯಿತು. ಮೂರೇ ದಿನಕ್ಕೆ ಪತ್ರಿಕೆಯಲ್ಲಿ ಒಂದು ಜಾಹೀರಾತು: ಯುದ್ಧಸಾಮಗ್ರಿ ತಯಾರಿಸಿ ಈಗ ಕೈಕಟ್ಟಿ ಕೂತ ಕಾರ್ಖಾನೆಯವರು ತಮ್ಮ ಸರಕು ತರಲಿ, ನ್ಯಾಯವಾದ ಬೆಲೆ ಕೊಡುತ್ತೇವೆ ಎಂದು. ಕೊಟ್ಟವನು ಓಜು ಕಿನೊಸುಕೆ, ಜಾತ್ರೆ-ಉತ್ಸವಗಳಲ್ಲಿ ಅಂಗಡಿ ಹೂಡುವ ‘ತೆಕಿಯಾ’ಗಳ ಶಿಂಜುಕು ಯಜಮಾನ. ಆಗಸ್ಟ್ 20ಕ್ಕೆ ಬಾಂಬಿಗೆ ಸುಟ್ಟುಹೋದ ಬಯಲಿನಲ್ಲಿ ಅವನ ಸಂತೆ ಶುರುವಾಯಿತು. ಸೈನಿಕರ ಹೆಲ್ಮೆಟ್ ಮಾಡುತ್ತಿದ್ದವರು ಪಾತ್ರೆ ತಂದರು, ಕತ್ತಿ ಮಾಡುತ್ತಿದ್ದವರು ಅಡುಗೆಮನೆಯ ಚಾಕು ತಂದರು. ‘ಬೆಳಕು ಶಿಂಜುಕುವಿನಿಂದ’ ಎಂಬುದು ಸಂತೆಯ ಘೋಷಣೆ. ಕತ್ತಲು ಕವಿದ ಊರಿನಲ್ಲಿ ನೂರು ವ್ಯಾಟಿನ 117 ಬಲ್ಬುಗಳ ಫಲಕ ಎತ್ತಿ ಕಟ್ಟಿದರಂತೆ. ಅಮೆರಿಕದ ಸೈನ್ಯ ಇನ್ನೂ ಬಂದಿಳಿದಿರಲಿಲ್ಲ, ಸರ್ಕಾರಕ್ಕೆ ಮುಂದೇನೆಂದು ತೋಚಿರಲಿಲ್ಲ. ಅಷ್ಟರಲ್ಲೇ ಪುಂಡರ ನಾಯಕನೂ ಆಗಿದ್ದ ಈ ಯಜಮಾನ ಪೇಟೆ ತೆರೆದಾಗಿತ್ತು.

ಅದು ಕಾಳಸಂತೆ. ಆದರೆ ಆ ಕಾಲದ ಟೋಕಿಯೊದಲ್ಲಿ ಕಾಳಸಂತೆಯನ್ನು ಮುಟ್ಟದೆ ಬದುಕುವುದು ಸಾಧ್ಯವಿರಲಿಲ್ಲ. ದಿನಕ್ಕೆ ತಲೆಗೆ ಸುಮಾರು 300 ಗ್ರಾಂ ಧಾನ್ಯದ ಪಡಿತರ. ಅದೂ ಹೇಳಿದ ದಿನ ಬರುತ್ತಿರಲಿಲ್ಲ. ಯಮಗುಚಿ ಯೊಶಿತಾದ ಎಂಬ ಟೋಕಿಯೊದ ನ್ಯಾಯಾಧೀಶರು ಕಾಳಸಂತೆಯ ಆರೋಪಿಗಳ ವಿಚಾರಣೆ ನಡೆಸುತ್ತಿದ್ದವರು. ತಾನು ಶಿಕ್ಷೆ ಕೊಡುವ ತಪ್ಪನ್ನು ತಾನೇ ಮಾಡಲಾರೆ ಎಂದು ಪಡಿತರವನ್ನಷ್ಟೇ ನೆಚ್ಚಿಕೊಂಡು 1947ರ ಅಕ್ಟೋಬರಿನಲ್ಲಿ ತೀರಿಕೊಂಡರು, ಮೂವತ್ಮೂರರ ವಯಸ್ಸಿಗೆ. ಕಾನೂನನ್ನು ಅಕ್ಷರಶಃ ಪಾಲಿಸಿದ್ದರ ಬೆಲೆ ಅದು. ಈ ಗಲ್ಲಿಗಳ ಬಗ್ಗೆ ಮಾತಾಡುವವರು ಹೊಗೆ, ಲಾಂದ್ರ ಎಂದು ಸವಿಯುವ ಮುಂಚೆ ಈ ಸಾವನ್ನೊಮ್ಮೆ ನೆನೆಯುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ.

ಪಶ್ಚಿಮ ಬಾಗಿಲಿನ ಕಡೆ ಬೇರೊಂದು ತಂಡದ ಮಾರುಕಟ್ಟೆ ಎದ್ದಿತು. ಹಲಗೆಗಳಿಂದ ಅಡ್ಡಗಟ್ಟಿ ಬೇರ್ಪಡಿಸಿದ ಮಳಿಗೆಗಳು. ಅದೇ ಇವತ್ತಿನ ಒಮೊಯಿದೆ ಯೊಕೊಚೊದ ಬೇರು. ಅಲ್ಲಿ ಒಳಾಂಗಗಳ ಮಾಂಸ ಯಾಕೆ ಇಷ್ಟು ಪ್ರಸಿದ್ಧ ಎಂಬುದಕ್ಕೆ ಗಲ್ಲಿಯ ವರ್ತಕರ ಸಂಘ ಹೇಳುವ ಕಥೆ ಹೀಗಿದೆ. ಗೋಧಿ ಹಿಟ್ಟಿನ ಮೇಲೆ ನಿಯಂತ್ರಣ ಬಿಗಿಯಾಗಿ ನೂಡಲ್ಸ್ ಮಾರಲು ಆಗದೆ ಹೋಯಿತು. ನಿಯಂತ್ರಣದ ಪಟ್ಟಿಯಲ್ಲಿ ಇಲ್ಲದ್ದು ಯಾವುದು ಎಂದು ಹುಡುಕಿದರೆ ಸಿಕ್ಕಿದ್ದು ಹಸು-ಹಂದಿಯ ಕರುಳು, ಯಕೃತ್ತು, ಗುಂಡಿಗೆ. ಅಮೆರಿಕನ್ ಸೈನ್ಯದ ಅಡುಗೆಗೆ ಬೇಡವಾದ ಭಾಗಗಳು. ಕಡ್ಡಿಗೆ ಚುಚ್ಚಿ ಸುಟ್ಟರೆ ‘ಮೊತ್ಸುಯಾಕಿ’, ಹುದುಗಿಸಿದ ಸೋಯಾದ ‘ಮಿಸೊ’ ಹಾಕಿ ಗಂಟೆಗಟ್ಟಲೆ ಕುದಿಸಿದರೆ ‘ನಿಕೊಮಿ’. ಕುಡಿಯಲು ಶೋಚು ಎಂಬ ಅಗ್ಗದ ಭಟ್ಟಿ ಮದ್ಯ. ನಿಜವಾದ ಬಿಯರು ಕೈಗೆಟುಕದ್ದರಿಂದ 1948ರಲ್ಲಿ ಬಂದ ‘ಹಾಪಿ’ ಎಂಬ ಬಿಯರಿನ ರುಚಿಯ ಪಾನೀಯವನ್ನು ಶೋಚುಗೆ ಬೆರೆಸಿದರು. ಮೆಥನಾಲ್ ಬೆರೆತ ಕಳ್ಳ ಮದ್ಯ ಕುಡಿದು ಕಣ್ಣು ಕಳೆದುಕೊಂಡವರೂ ಸತ್ತವರೂ ಇದ್ದ ಕಾಲವದು. ಆ ಒಳಾಂಗಗಳ ಊಟ ಇವತ್ತಿನ ತಿನಿಸಿನ ಪಟ್ಟಿಯಲ್ಲೂ ಇದೆ, ಬೆಲೆ ಮಾತ್ರ ಬೇರೆ. ಆಗ ಶೌಚಾಲಯವಿಲ್ಲದಿದ್ದ ಗಲ್ಲಿಗೆ ಜನ ಇಟ್ಟ ಅಡ್ಡಹೆಸರು ಉಚ್ಚೆ ಗಲ್ಲಿ. ನೆನಪಿನ ಗಲ್ಲಿ ಅಂಗಡಿಯವರ ಹೆಸರು. ಹಳೆಯ ಗಿರಾಕಿಗಳ ಬಾಯಲ್ಲಿ ಇನ್ನೂ ಮೊದಲಿನದೇ.

ನಿಲ್ದಾಣದ ಪೂರ್ವಕ್ಕೆ ಹೋದರೆ ಇನ್ನೊಂದು ಕಥೆ. 1949ರಲ್ಲಿ ಜಪಾನನ್ನು ವಶದಲ್ಲಿಟ್ಟುಕೊಂಡಿದ್ದ ಮಿತ್ರಪಡೆಗಳ ಆಡಳಿತ ರಸ್ತೆಬದಿಯ ಅಂಗಡಿಗಳನ್ನೆಲ್ಲ ಎತ್ತಿಸಬೇಕೆಂದು ಆದೇಶ ಮಾಡಿತು. ಅಂಗಡಿ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ಸಂಘ ಕಟ್ಟಿಕೊಂಡು ಬದಲಿ ಜಾಗ ಪಡೆದರು. ಶಿಬುಯಾದ ತಳ್ಳುಗಾಡಿಯವರು ಹಳಿಗಳ ಬದಿಯ ಒಂದು ಪಟ್ಟಿಗೆ ಹೋದರು, ಅದು ನೊಂಬೆಯಿ ಯೊಕೊಚೊ, ಕುಡುಕರ ಗಲ್ಲಿ. ಶಿಂಜುಕುವಿನವರಲ್ಲಿ ಹಲವರು ಹನಜೊನೊ ದೇಗುಲದ ಬಳಿ ನೆಲೆಯಾದರು. ಒಬ್ಬೊಬ್ಬರಿಗೆ ಸಿಕ್ಕ ನೆಲ ಮೂರರಿಂದ ನಾಲ್ಕೂವರೆ ‘ತ್ಸುಬೊ’, ಜಪಾನಿನ ನೆಲದ ಅಳತೆಯಲ್ಲಿ. ಕಮ್ಮಿಯದು ನಮ್ಮ ಕಡೆಯ ಹತ್ತಡಿ-ಹತ್ತಡಿ ಕೋಣೆಯಷ್ಟು. ಬೀದಿಯಲ್ಲಿ ಒಂದು ಗಾಡಿಗೆ ಇದ್ದ ಹಕ್ಕು ನೆಲದ ಮೇಲೆ ಒಂದು ತುಂಡಾಗಿ ಕೂತಿತು. ಈ ಕಡೆಯ ಗಲ್ಲಿಗಳ ಅಳತೆ ಹುಟ್ಟಿದ್ದು ಹೀಗೆ.

ನಿಲ್ದಾಣದಿಂದ ದೂರವಾದ್ದರಿಂದ ದೇಗುಲದ ಬಳಿಯ ಆ ಜಾಗಕ್ಕೆ ಊಟದ ಗಿರಾಕಿ ಬರಲಿಲ್ಲ. ಬಂದದ್ದು ಬೇರೆ ವ್ಯಾಪಾರ. ಕೆಳಗೆ ಬಾರು, ಕಡಿದಾದ ಏಣಿ ಹತ್ತಿದರೆ ಮೇಲೆ ಕೋಣೆ. ಪರವಾನಗಿ ಇಲ್ಲದ ವೇಶ್ಯಾವಾಟಿಕೆ. 1956ರಲ್ಲಿ ಬಂದ ನಿಷೇಧ ಕಾನೂನು 1958ರ ಏಪ್ರಿಲಿನಲ್ಲಿ ಪೂರ್ತಿ ಜಾರಿಯಾದಾಗ ಕೋಣೆಗಳು ಖಾಲಿಯಾಗಿ ಬಾರುಗಳು ಉಳಿದವು. ಅಗ್ಗದ ಬಾಡಿಗೆಗೆ ಅಲ್ಲಿಗೆ ಬಂದವರು ಬರಹಗಾರರು, ಪತ್ರಕರ್ತರು, ನಾಟಕ-ಸಿನಿಮಾದವರು. 1965ರಲ್ಲಿ ಆ ಜಾಗ ಗೋಲ್ಡನ್ ಗಾಯಿ ಎಂದು ಹೆಸರಿಟ್ಟುಕೊಂಡಿತು. ಆರು ಓಣಿ, ಇನ್ನೂರಕ್ಕೂ ಮೀರಿದ ಬಾರುಗಳು. ಸಾಹಿತ್ಯಕ್ಕೆ ಕೊಡುವ ಅಕುತಗಾವ ಪ್ರಶಸ್ತಿ ಪಡೆದ ನಕಗಾಮಿ ಕೆಂಜಿ ಇಲ್ಲಿನ ಕಾಯಂ ಗಿರಾಕಿಯಾಗಿದ್ದ. ಫ್ರೆಂಚ್ ನಿರ್ದೇಶಕ ಕ್ರಿಸ್ ಮಾರ್ಕರ್‌ನ ಚಿತ್ರದ ಹೆಸರನ್ನೇ ಇಟ್ಟುಕೊಂಡ ‘ಲಾ ಜಟೇ’ ಎಂಬ ಬಾರಿನಲ್ಲಿ ಮಾರ್ಕರ್‌ನನ್ನೇ ಭೇಟಿಯಾದ ಪ್ರಸಂಗ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್‌ನ ‘ಟೋಕಿಯೊ-ಗಾ’ ಸಾಕ್ಷ್ಯಚಿತ್ರದಲ್ಲಿದೆ. ಆ ಏಣಿಗಳು ಈಗಲೂ ಹಾಗೇ ಇವೆ. ಕುಡಿದವರು ಇಳಿಯುವಾಗ ಕಂಬಿ ಬಿಡುವುದಿಲ್ಲ.

ಎಂಬತ್ತರ ದಶಕದಲ್ಲಿ ಟೋಕಿಯೊದ ನೆಲದ ಬೆಲೆ ಹುಚ್ಚು ಹಿಡಿದಂತೆ ಏರಿತು. ದಳ್ಳಾಳಿಗಳು ಗೋಲ್ಡನ್ ಗಾಯಿಯ ಬಾಗಿಲು ಬಾಗಿಲಿಗೆ ಬಂದರು. ಮಾರದವರ ಓಣಿಯಲ್ಲಿ ಬೆಂಕಿ ಬಿತ್ತು. ಅದು ತಾನಾಗಿ ಬಿತ್ತೆಂದು ನಂಬಿದವರು ಕಡಿಮೆ. ಗಿರಾಕಿಗಳೂ ಮಾಲೀಕರೂ ಸೇರಿ ಸರದಿಯಲ್ಲಿ ರಾತ್ರಿ ಕಾವಲು ಕಾದರು. ಈ ಕಾವಲಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಗಲ್ಲಿಯನ್ನು ಉಳಿಸಿದ್ದರಲ್ಲಿ ಅದಕ್ಕಿಂತ ದೊಡ್ಡ ಪಾಲು ಆಸ್ತಿಪತ್ರಗಳದ್ದು ಎಂದು ನನ್ನ ಲೆಕ್ಕ. ನೂರಾರು ಚೂರು ನೆಲ, ಒಂದೊಂದಕ್ಕೂ ಬೇರೆ ಮಾಲೀಕ, ಅವನ ಕೆಳಗೆ ಬಾಡಿಗೆದಾರ, ಅವನ ಕೆಳಗೆ ಮತ್ತೊಬ್ಬ. ಎಲ್ಲರ ಸಹಿ ಪಡೆಯುವಷ್ಟರಲ್ಲಿ 1990ರ ದಶಕ ಬಂದು ನೆಲದ ಬೆಲೆಯ ಗುಳ್ಳೆಯೇ ಒಡೆಯಿತು. ಒಬ್ಬಂಟಿಯಾಗಿ ಕೆಡವಿ ಕಟ್ಟುವಂತೆಯೂ ಇಲ್ಲ. 1950ರ ಕಟ್ಟಡ ಕಾನೂನಿನ ಪ್ರಕಾರ ರಸ್ತೆ ನಾಲ್ಕು ಮೀಟರ್ ಅಗಲ ಇರಬೇಕು. ಅಷ್ಟು ಬಿಟ್ಟುಕೊಟ್ಟರೆ ಹತ್ತಡಿ ನಿವೇಶನದಲ್ಲಿ ಉಳಿಯುವುದೇನು? ಹಾಗಾಗಿ ಹಳೆಯ ಗೋಡೆಗೇ ತೇಪೆ ಹಾಕುತ್ತ ಬಂದರು.

ಗುಳ್ಳೆ ಒಡೆದ ಮೇಲೆ ಎಷ್ಟೋ ಬಾಗಿಲುಗಳು ಮುಚ್ಚಿಯೇ ಇದ್ದವು. ಬಾಡಿಗೆಗೆ ಕೊಟ್ಟರೆ ಬಿಡಿಸಿಕೊಳ್ಳುವುದು ಕಷ್ಟವೆಂಬ ಭಯ ಮಾಲೀಕರಿಗೆ. 2000ದಲ್ಲಿ ನಿಶ್ಚಿತ ಅವಧಿಯ ಬಾಡಿಗೆ ಕರಾರಿಗೆ ಕಾನೂನು ಅವಕಾಶ ಕೊಟ್ಟಾಗ ಆ ಭಯ ಹೋಯಿತು, ಹೊಸ ಹುಡುಗ ಹುಡುಗಿಯರು ಬಂದು ಬಾರು ತೆರೆದರು. ಆಮೇಲೆ ಪ್ರವಾಸಿಗರು. ಪರಿಚಯವಿಲ್ಲದೆ ಒಳಗೆ ಬಿಡದಿದ್ದ ಓಣಿಯಲ್ಲಿ ಈಗ ಇಂಗ್ಲಿಷಿನಲ್ಲಿ ಸ್ವಾಗತದ ಫಲಕಗಳಿವೆ. ಹಳಬರು ಗೊಣಗುತ್ತಾರೆ, ಗೊಣಗಲು ಅವರಿಗೊಂದು ಬಾರು ಇನ್ನೂ ಉಳಿದಿದೆಯಲ್ಲ.

ಬೆಂಕಿಯ ಭಯ ಮಾತ್ರ ಹೋಗಿಲ್ಲ. ಒಮೊಯಿದೆ ಯೊಕೊಚೊದ ಒಂದು ಭಾಗ 1999ರ ನವೆಂಬರಿನಲ್ಲಿ ಸುಟ್ಟಿತು, ಗೋಲ್ಡನ್ ಗಾಯಿಗೆ 2016ರ ಏಪ್ರಿಲಿನಲ್ಲಿ ಬೆಂಕಿ ತಗುಲಿತು. ಆಸ್ತಿಪತ್ರವಲ್ಲ, ಗಲ್ಲಿಯ ಮೇಲಿನ ಪ್ರೀತಿಯೇ ಗೆದ್ದ ಉದಾಹರಣೆ ಬೇಕೆಂದರೆ ಒಸಾಕಾದ ಹೋಜೆಂಜಿ ಯೊಕೊಚೊ ನೋಡಬೇಕು. 2002ರಲ್ಲಿ ಪಕ್ಕದ ನಾಕಾಜಾ ರಂಗಮಂದಿರದ ಬೆಂಕಿಗೆ ಆ ಗಲ್ಲಿ ಸುಟ್ಟಾಗ, ನಾಲ್ಕು ಮೀಟರಿಗೆ ಅಗಲ ಮಾಡಲು ಊರಿನವರು ಒಪ್ಪಲಿಲ್ಲ. ಸಹಿ ಸಂಗ್ರಹಿಸಿದರು, ಅಧಿಕಾರಿಗಳು ಕಾನೂನಿನೊಳಗೇ ದಾರಿ ಹುಡುಕಿದರು, ಗಲ್ಲಿ 2.7 ಮೀಟರ್ ಅಗಲದಲ್ಲೇ ಎದ್ದಿತು.

ಈ ನಡುವೆ ಗಲ್ಲಿ ಒಂದು ಸರಕೂ ಆಗಿದೆ. 1994ರಲ್ಲಿ ತೆರೆದ ಶಿನ್-ಯೊಕೊಹಾಮಾ ರಾಮೆನ್ ಸಂಗ್ರಹಾಲಯ 1958ರ ಪೇಟೆಯನ್ನು ನೆಲಮಾಳಿಗೆಯಲ್ಲಿ ಕಟ್ಟಿ ತೋರಿಸಿತು. 2008ರಲ್ಲಿ ಎಬಿಸು ಯೊಕೊಚೊ, 2020ರಲ್ಲಿ ಶಿಬುಯಾದ ಮಿಯಾಶಿತಾ ಪಾರ್ಕಿನ ಹೊಸ ಕಟ್ಟಡದಡಿ ಶಿಬುಯಾ ಯೊಕೊಚೊ ತೆರೆದವು. ಆ ಪಾರ್ಕಿನಲ್ಲಿ ಹಿಂದೆ ಮಲಗುತ್ತಿದ್ದವರು ಮನೆಯಿಲ್ಲದವರು. ಅವರನ್ನು ಎಬ್ಬಿಸಿದ ಜಾಗದಲ್ಲಿ, ನೆಲೆಯಿಲ್ಲದವರು ಕಟ್ಟಿದ ಗಲ್ಲಿಯ ನಕಲು ನಿಂತಿದೆ. ಅಲ್ಲಿಗೆ ಬರುವ ಗಿರಾಕಿಗಳಿಗೆ ಇದರಿಂದ ಇರುಸುಮುರುಸಾದಂತೆ ಕಾಣುವುದಿಲ್ಲ. ಹೊಸ ಗಲ್ಲಿಗಳಲ್ಲಿ ಶೌಚಾಲಯ ಚೆನ್ನಾಗಿದೆ ಎಂಬುದನ್ನೂ ಹೇಳಬೇಕು.

ಅಸಲಿಗಳಲ್ಲಿ ಒಂದು ಇತ್ತೀಚೆಗೆ ಹೋಯಿತು. ಟೋಕಿಯೊದ ಪೂರ್ವ ಅಂಚಿನ ತಾತೆಯಿಶಿಯಲ್ಲೂ ಕುಡುಕರ ಗಲ್ಲಿ ಎಂಬರ್ಥದ ಹೆಸರಿನದೇ ಒಂದು ಓಣಿಯಿತ್ತು. ಜಪಾನಿನ ನಗರ ಮರುಅಭಿವೃದ್ಧಿ ಕಾನೂನಿನಲ್ಲಿ, ಬಾಗಿಲು ಬಾಗಿಲಿಗೆ ಹೋಗಿ ಕೊಳ್ಳುವವರಿಗೆ ಬೇಕಾದಂತೆ ಎಲ್ಲರ ಸಹಿ ಬೇಕಿಲ್ಲ. ಮೂರರಲ್ಲಿ ಎರಡು ಪಾಲು ಹಕ್ಕುದಾರರು ಒಪ್ಪಿದರೆ ಉಳಿದವರೂ ಹೊರಡಬೇಕು. ತಾತೆಯಿಶಿಯಲ್ಲಿ ಆ ಒಪ್ಪಿಗೆ ಕೂಡಿಬಂತು. 2023ರ ಬೇಸಗೆಯ ಕೊನೆಯಲ್ಲಿ ಅಂಗಡಿಗಳು ಮುಚ್ಚಿದವು, ಆ ಜಾಗಕ್ಕೆ ಬಹುಮಹಡಿ ಕಟ್ಟಡವೂ ವಾರ್ಡ್ ಕಚೇರಿಯೂ ಬರುತ್ತವೆ. ಒಮೊಯಿದೆ ಯೊಕೊಚೊದ ಮಗ್ಗುಲಲ್ಲೂ ಒಡಕ್ಯು ಡಿಪಾರ್ಟ್‌ಮೆಂಟ್ ಸ್ಟೋರ್ ಕೆಡವಿ 48 ಮಹಡಿಯ ಗೋಪುರ ಕಟ್ಟುವ ಕೆಲಸ ನಡೆದಿದೆ. ಪಕ್ಕದ ನೆಲದ ಬೆಲೆ ಏರಿದಷ್ಟೂ ಆ ಗಲ್ಲಿಯ ಮಾಲೀಕರ ಬಾಗಿಲು ತಟ್ಟುವವರು ಹೆಚ್ಚುತ್ತಾರೆ.